ನೋಡಿದವರಿಲ್ಲದ ಆಕಾಶ

“ಆಕಾಶ ಖಾಲಿ ಇತ್ತ್ ಶ್ರಾವ್ಯ, ನಾನ್ ಹೊರಡ್ತೆ,” ಎಂದು ಬೈಂದೂರಿನ ಹೆಲಿಪ್ಯಾಡಿನಿಂದ ಪೈಲಟ್ ಜಿತೇಂದ್ರ ಫೋನಿನಲ್ಲಿ ಹೇಳಿದಾಗ, ಕುಂದಾಪುರದ ಕೋಡಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಶ್ರಾವ್ಯಳಿಗೆ ಹೂಂ ಅನ್ನಲು ಬಾಯಿ ಬರಲಿಲ್ಲ. ಹೆಲಿಕಾಪ್ಟರ್ ಕಂಪನಿಗೆ ಹಾರಾಟದ ದಾರಿ ಹಾಕಿಕೊಡುವುದು ಅವಳ ಕೆಲಸ. ಅವಳು ಒಪ್ಪಿಗೆ ಕೊಡದೆ ಅವನು ನೆಲ ಬಿಡುವಂತಿರಲಿಲ್ಲ.

ಹೆಲಿಕಾಪ್ಟರಿನೊಳಗೆ ಶಿರೂರಿನ ಹೋಟೆಲು ಮಾಲೀಕ ಭೋಜರಾಜ ಶೆಟ್ಟರು ಹಳದಿಗಟ್ಟಿದ ಕಣ್ಣು ಮುಚ್ಚಿ ಒರಗಿದ್ದರು. ಲಿವರ್ ಕೆಟ್ಟು, ಬದಲಿ ಲಿವರಿಗಾಗಿ ಅವರು ವರ್ಷದಿಂದ ಸರತಿಯಲ್ಲಿದ್ದರು. ಬೆಳಗಿನ ಜಾವ ಬೆಂಗಳೂರಿನ ಆಸ್ಪತ್ರೆಯಿಂದ ಕರೆ ಬಂದಿತ್ತು: ಒಬ್ಬರು ತೀರಿಕೊಂಡಿದ್ದಾರೆ, ಮನೆಯವರು ದಾನಕ್ಕೆ ಒಪ್ಪಿದ್ದಾರೆ, ಮಧ್ಯಾಹ್ನದೊಳಗೆ ಬನ್ನಿ. ತಪ್ಪಿದರೆ ಅದು ಸರತಿಯ ಮುಂದಿನವರಿಗೆ. ರಸ್ತೆಯಲ್ಲಿ ಹೋದರೆ ಸಂಜೆಯಾಗುತ್ತಿತ್ತು.

ಶ್ರಾವ್ಯಳ ಪರದೆಯ ಮೇಲೆ ಎರಡು ನಕ್ಷೆಗಳಿದ್ದವು. ಒಂದು, ವಿಮಾನ ನಿಲ್ದಾಣಗಳಲ್ಲಿ ಕಣ್ಣಾರೆ ಕಂಡು ವರದಿ ಮಾಡಿದ ಮೋಡದ್ದು. ಇನ್ನೊಂದು, ಕಂಪ್ಯೂಟರ್ ಲೆಕ್ಕ ಹಾಕಿ ಹೇಳುವ ಮೋಡದ್ದು. ಕಂಡ ಮೋಡದ ನಕ್ಷೆಯಲ್ಲಿ ಮಂಗಳೂರಿನ ಮೇಲೆ ಒಂದು ಪುಟ್ಟ ಗುರುತಿತ್ತು: ಅಲ್ಲಲ್ಲಿ ಮೋಡ, ಅದೂ ಬಹಳ ಎತ್ತರದಲ್ಲಿ. ಬೈಂದೂರಿನಿಂದ ಘಟ್ಟದ ನೆತ್ತಿಯವರೆಗೆ ಏನೂ ಇರಲಿಲ್ಲ. ಜಿತೇಂದ್ರ ಖಾಲಿ ಎಂದದ್ದು ಅದನ್ನೇ. ಒಂದು ಗಳಿಗೆ ಅವಳಿಗೂ ಹಾಗೆಯೇ ಕಂಡಿತ್ತು. ಎದೆ ಹಗುರವೂ ಆಗಿತ್ತು. ಆಮೇಲೆ ಹೊಳೆಯಿತು, ಆ ಜಾಗದಲ್ಲಿ ಗುರುತು ಬರುವುದಾದರೂ ಎಲ್ಲಿಂದ? ಅಲ್ಲಿ ವಿಮಾನ ನಿಲ್ದಾಣವೇ ಇಲ್ಲ.

“ಜಿತೇಂದ್ರ, ಅಲ್ಲಿ ಮೋಡ ಇಲ್ಲೆ ಅಂದ್ ಅಲ್ಲ. ನೋಡ್ದವ್ರ್ ಇಲ್ಲೆ.”

“ಲೆಕ್ಕದ್ ನಕ್ಷೆ ಕಾಣ್ ಹಂಗಾರೆ. ಅದ್ರಗೂ ತೆಳು ಮೋಡವೇ.”

ಅದೂ ನಿಜವೇ. ಆದರೆ ಲೆಕ್ಕದ ನಕ್ಷೆ ಆಕಾಶವನ್ನು ಅಗಲ ಅಗಲ ಚೌಕಗಳಾಗಿ ಕತ್ತರಿಸಿ ಅಳೆಯುತ್ತದೆ. ದಾರಿಯಲ್ಲಿ ಘಟ್ಟದ ಬುಡಕ್ಕಿರುವ ಸಿದ್ದಾಪುರದ ಗದ್ದೆಯೂ ಅದರ ಹಿಂದೆ ಗೋಡೆಯಂತೆ ಏಳುವ ಘಟ್ಟವೂ ಒಂದೇ ಚೌಕದೊಳಗೆ ಬಿದ್ದಿದ್ದವು. ಗದ್ದೆಯ ಬಿಸಿಲು, ಘಟ್ಟದ ಮೋಡ ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ತೆಳು ಮೋಡವೇ ಬರುತ್ತದೆ. ಹೆಲಿಕಾಪ್ಟರ್ ಸರಾಸರಿಯೊಳಗೆ ಹಾರುವುದಿಲ್ಲ.

ಫೋನಿನ ಆಚೆ ಶೆಟ್ಟರ ಹೆಂಡತಿ ಕುಸುಮಾವತಿಯ ದನಿ ಕೇಳಿಸಿತು: “ಇನ್ನೂ ಎಂತಕೆ ತಡ? ಆ ಹುಡ್ಗಿಗೆ ಇವ್ರ ಜೀವ ಆಟಿಕೆಯಾ?”

ಶ್ರಾವ್ಯ ಆ ಮಾತನ್ನು ನುಂಗಿಕೊಂಡು ಇನ್ನೊಂದು ಫೋನೆತ್ತಿದಳು. ಕುಂದಾಪುರದವರಿಗೆ ಯಾವ ಊರಿನಲ್ಲಾದರೂ ಒಬ್ಬರು ನೆಂಟರು ಇದ್ದೇ ಇರುತ್ತಾರೆ. ಸಿದ್ದಾಪುರದಲ್ಲಿ ಅವಳ ಸೋದರತ್ತೆ ಪ್ರಭಾವತಿ ಇದ್ದರು.

“ಅತ್ತೆ, ಅಂಗಳಕ್ಕೆ ಬಂದ್ ಘಟ್ಟ ಕಾಂತಾ ಕಾಣಿ.”

“ಎಂತ ಹೆಣೆ, ಬೆಳಿಗ್ಗೆ ಬೆಳಿಗ್ಗೆ? ತಿಂಡಿ ಆಯ್ತಾ?”

“ಮತ್ತೆ ಹೇಳ್ತೆ. ಬೇಗ ಕಾಣಿ.”

“ತಡಿ, ಕಾವಲಿ ಮೇಲೆ ದೋಸೆ ಇತ್ತ್.” ಚಪ್ಪಲಿ ಎಳೆದು ನಡೆಯುವ ಸದ್ದು. ಆಮೇಲೆ ಅತ್ತೆ ಎಂದರು: “ಘಟ್ಟವಾ? ನಿನ್ನೆ ಸಂಜಿ ಇತ್ತ್ ಮಾರಾಯ್ತಿ. ಇವತ್ತ್ ಇಲ್ಲೆ.”

“ಪೂರಾ ಇಲ್ಯಾ?”

“ರಬ್ಬರ್ ತೋಟದ ಮೇಲೆ ಎಂತದೂ ಕಾಂತಿಲ್ಲೆ. ಮೋಡ ಹಾಲ್ ಉಕ್ಕಿದ್ ಹಾಂಗೆ ಕೆಳಗೆ ಇಳಿತಾ ಇತ್ತ್.”

ಅತ್ತೆ ಕಳಿಸಿದ ಫೋಟೊದಲ್ಲಿ ಅರ್ಧ ಅವರ ಹೆಬ್ಬೆರಳು, ಉಳಿದರ್ಧ ಬರೀ ಬಿಳುಪು. ಶ್ರಾವ್ಯ ಅದನ್ನು ಹಾಗೆಯೇ ಜಿತೇಂದ್ರನಿಗೆ ಕಳಿಸಿದಳು.

“ನಿಮ್ಮತ್ತೆ ಎಂತ, ಹವಾಮಾನ ಇಲಾಖೆಯಾ?” ಎಂದ ಅವನು.

“ಇವತ್ತಿಗೆ ಹೌದ್. ಘಟ್ಟದ್ ದಾರಿ ಬ್ಯಾಡ. ಕಡಲಬದಿ ಹಿಡ್ಕಂಡ್ ಮಂಗ್ಳೂರಿಗೆ ಹೋಯ್ನಿ. ಅಲ್ಲಿಂದ ಬೆಂಗ್ಳೂರಿನ ವಿಮಾನ ಇತ್ತ್. ಅದಕ್ಕೆ ಮೋಡದ ಮೇಲೆ ಹೋಪುಕೆ ಆತ್ತ್. ಸೀಟಿಗೆ ನಾನ್ ಮಾತಾಡ್ತೆ.”

“ವಿಮಾನ ತಡ ಆದ್ರೆ?”

ತಡವಾದರೆ ಏನಾಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಹಳೆಯ ದಾರಿಯನ್ನು ಅಳಿಸಿ, ಕರಾವಳಿಯುದ್ದಕ್ಕೂ ಹೊಸ ಗೆರೆ ಎಳೆದು, ಒಪ್ಪಿಗೆ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲೇ ಹೆಲಿಕಾಪ್ಟರ್ ಕೋಡಿಯ ಅಳಿವೆಯ ಮೇಲೆ ಗಡಗಡಿಸುತ್ತ ದಕ್ಷಿಣಕ್ಕೆ ಹೋದದ್ದು ಕಿಟಕಿಯಿಂದ ಕಂಡಿತು.

ಮಂಗಳೂರಿನಲ್ಲಿ ಇಳಿದ ಮೇಲೆ ಜಿತೇಂದ್ರ ಫೋನ್ ಮಾಡಿದ. ಶೆಟ್ಟರು ವಿಮಾನ ಹತ್ತಿಯಾಗಿತ್ತು. “ದಾರಿಯುದ್ದಕ್ಕೂ ಎಡಕ್ಕೆ ಕಾಣ್ತಾ ಬಂದೆ ಶ್ರಾವ್ಯ. ಘಟ್ಟ ಅಂಬುದೇ ಇಲ್ಲೆ,” ಎಂದ. ಆಮೇಲೆ ಹೇಳಿದ: “ನಾನ್ ಘಟ್ಟದ್ ದಾರಿಗೆ ಹೊರಟದ್ ನನ್ ಹೆಂಡ್ತಿಗೆ ಹೇಳ್ಬ್ಯಾಡ. ನಿಮ್ಮತ್ತೆಗೆ ನಾನೇ ಒಂದಿನ ಬಂದ್ ಮುಖ ತೋರ್ಸ್ತೆ.”

ವಿಮಾನ ತಡವಾಗಲಿಲ್ಲ. ಹೊತ್ತು ಮೀರುವುದಕ್ಕೆ ಸ್ವಲ್ಪ ಮುಂಚೆ ಶೆಟ್ಟರು ಆಸ್ಪತ್ರೆಯ ಬಾಗಿಲು ದಾಟಿದರು.

ಎರಡು ವಾರದ ಮೇಲೆ ಕುಸುಮಾವತಿ ಫೋನ್ ಮಾಡಿದರು. ಶೆಟ್ಟರು ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ಉಪ್ಪು ಸಾಲದೆಂದು ಹೋಟೆಲಿನವರ ಗತ್ತಿನಲ್ಲೇ ಗದರುತ್ತಿದ್ದರು. ಅಂದು ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕುಸುಮಾವತಿ ಕೇಳಿಕೊಂಡರು. ಅತ್ತೆಯ ಸಂಗತಿಯನ್ನು ಜಿತೇಂದ್ರ ಅವರಿಗೆ ಹೇಳಿದ್ದ.

“ನಾವೆಲ್ಲ ಮಾಡಿದ್ ನಮ್ ಕೆಲ್ಸ ಅಮ್ಮಾ,” ಎಂದಳು ಶ್ರಾವ್ಯ.

“ಹಾಂಗಲ್ಲ ಮಗಾ. ಲಿವರ್ ಕೊಟ್ಟವ್ರ್ ಯಾರ್ ಅಂದ್ ಡಾಕ್ಟ್ರ್ ಹೇಳೂದಿಲ್ಲೆ ಅಂಬ್ರ್. ಅದೇ ನಿಯಮ ಅಂಬ್ರ್. ದಿನಾ ದೀಪ ಹಚ್ಚಿ ಕೈ ಮುಗಿತೆ, ಬಾಯಿಗೆ ಹೆಸ್ರೇ ಬತ್ತಿಲ್ಲೆ. ನಿಮ್ಮತ್ತೆ ಹೆಸ್ರ್ ಎಂತ? ಸದ್ಯಕ್ಕೆ ಅದನ್ನೇ ಹೇಳ್ಕಂತೆ.”