ಒಂದು ಕಟ್ಟು ಕರಿಬೇವು

ಇವತ್ತು ಬಾಯಿ ತೆರೆಯುವ ಪ್ರಸಂಗವೇ ಬಾರದಿರಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ವಿನುತಾ ಮೀಟಿಂಗಿಗೆ ಬಂದು ಕೂತಳು. ಮನೆಮನೆಗೆ ತರಕಾರಿ ಮುಟ್ಟಿಸುವ ಆ ಕಂಪನಿಗೆ ಅವಳು ಹೊಸ ಬಿಸಿನೆಸ್ ಅನಲಿಸ್ಟ್. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಎಲ್ಲವನ್ನೂ ಆ್ಯಪಿಗೆ ಒಯ್ಯಬೇಕೆಂದು ಲೆಕ್ಕ ಹೇಳುತ್ತಿತ್ತು. ವರದಿಯಲ್ಲಿ ಅವಳೂ ಹಾಗೇ ಬರೆದಿದ್ದಳು.

ಮ್ಯಾನೇಜರ್ ಪರದೆ ತೋರಿಸಿ ನಕ್ಕರು. "ಇದ್ಯಾವ ಗಿರಾಕಿ ನೋಡಿ! ಒಂದೇ ನಂಬರಿಂದ ದಿನಾ ಸಂಜೆ ಫೋನು, ಅರ್ಧ ಗಂಟೆ ಹರಟೆ. ತರಿಸೋದು ಒಂದು ಕಟ್ಟು ಕರಿಬೇವು!"

"ಪಾಪ, ಒಂಟಿ ಹುಡುಗಿ ಸಾರ್," ಎಂದರು ಫೋನ್ ವಿಭಾಗದ ಇಂದಿರಮ್ಮ. "'ಊಟ ಆಯ್ತೇನಮ್ಮಾ' ಅಂದ್ರೆ ಸಾಕು, ಮಾತು ನಿಲ್ಸೋದೇ ಇಲ್ಲ. ನಾಳೆಯಿಂದ ಯಾರ ಹತ್ರ ಮಾತಾಡ್ಬೇಕು ಅದು?"

"ಆ್ಯಪ್ ಹತ್ರ ಮಾತಾಡ್ಲಿ ಬಿಡಿ." ಮ್ಯಾನೇಜರ್ ವಿನುತಾಳತ್ತ ತಿರುಗಿದರು. "ಏನಮ್ಮಾ, ಬಂದು ತಿಂಗಳಾಯ್ತು, ನಿಮ್ಮ ದನೀನೇ ಯಾರೂ ಕೇಳಿಲ್ಲ. ಬಾಯಿ ಬಿಟ್ರೆ ಮುತ್ತು ಉದುರುತ್ತಾ? ನೀವೇ ಹೇಳಿ, ಫೋನ್ ನಿಲ್ಸಿದ್ರೆ ಯಾರಿಗೆ ನಷ್ಟ?"

ವಿನುತಾ ಇಂದಿರಮ್ಮನ ಮುಖವನ್ನೇ ನೋಡಿದಳು.

"ನನಗೆ ಸಾರ್," ಎಂದಳು. "ಆ ಕರಿಬೇವು ನಂದೇ."