ನಿಲ್ಲದ ಬಿಲ್ಲಿಂಗ್

“ಒಂದು ಸರ್ವರ್ ಬಂದಾದ್ರ ಇನ್ನೊಂದು ಸಂಭಾಳಿಸ್ತದ, ಬಿಲ್ಲಿಂಗ್ ನಿಲ್ಲೂದಿಲ್ಲ ಅಂತೀರಿ. ಬಾಯಿಮಾತು ಬ್ಯಾಡ್ರಿ, ಮಾಡಿ ತೋರಸ್ರಿ,” ಎಂದರು ಔಷಧಗಳ ಸಗಟು ವ್ಯಾಪಾರಿ ಮಹಾರುದ್ರಪ್ಪನವರು.

ಶಾಲ್ಮಲಾಳ ಪುಟ್ಟ ಸಾಫ್ಟ್‌ವೇರ್ ಸಂಸ್ಥೆ ಉಳಿಯಬೇಕಾದರೆ ಈ ಕೆಲಸ ಸಿಗಲೇಬೇಕಿತ್ತು. ತಾನು ಕಟ್ಟಿದ ವ್ಯವಸ್ಥೆಯನ್ನು ನಂಬಿ, ಉಳಿದ ಭಾರವನ್ನು ದೇವರ ಮೇಲೆ ಹಾಕಿ, ಮೇಜಿನಡಿ ಬಗ್ಗಿ, ಗೋಡೆಯಾಚೆಗೂ ಹಾದುಹೋಗಿದ್ದ ವೈರುಗಳ ಗೋಜಲಿನಲ್ಲಿ ಕೈಯಾಡಿಸಿ ಪ್ಲಗ್ ಕಿತ್ತೇಬಿಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದು ಕೌಂಟರಿನತ್ತ ನೋಡಿದರು. ಬಿಲ್ಲುಗಳು ಸರಸರನೆ ಬರುತ್ತಲೇ ಇದ್ದವು!

“ಭಲೇ! ಕೆಲಸ ನಿಮಗs ಕೊಟ್ಟೆ, ತಗೋರಿ.”

ಶಾಲ್ಮಲಾ ಹಿಗ್ಗಿ ಹೀರೇಕಾಯಿಯಾದಳು. ಮಹಾರುದ್ರಪ್ಪನವರು ಎಲ್ಲರಿಗೂ ಪೇಡೆ ತರಿಸಿದರು. ಬಾಯಿ ಸಿಹಿಯಾಗುತ್ತಿರುವಾಗಲೇ ಪಕ್ಕದ ದಾಸ್ತಾನು ಕೋಣೆಯಿಂದ ಫಾರ್ಮಸಿಸ್ಟ್ ಅಕ್ಕ ಕೂಗಿದರು:

“ಸಾಹುಕಾರ್ರ, ಇನ್ಸುಲಿನ್ ಫ್ರಿಜ್ಜಿನ ಪ್ಲಗ್ ಯಾರು ಕಿತ್ತಾರ್ರೀ?”