ಮುಕ್ಕಾದ ಇಕ್ಕಳ

ಅತ್ತೆಯ ಕೈಗೆ ಬಲವಿರಲಿಲ್ಲ, ಅದಕ್ಕೇ ವೈರು ಸುಟ್ಟುಹೋಯಿತು ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವೈರಿನ ತುದಿಗೆ ಲಗ್ ಎಂಬ ತಾಮ್ರದ ಕೊಳವೆಯನ್ನು ಒತ್ತಿ ಬಿಗಿಯುವ ಆ ಇಕ್ಕಳ, ಪೂರ್ತಿ ಒತ್ತದ ಹೊರತು ಬಾಯಿಯನ್ನೇ ಬಿಡುತ್ತಿರಲಿಲ್ಲ. ಹಾಗಿದ್ದ ಮೇಲೆ ಬಲದ ಮಾತೇಕೆ?

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಈಗಲೂ ಕೊರಟಗೆರೆಯಲ್ಲಿ ಅತ್ತೆಯ ಮನೆಯ ಮೋಟಾರು ರಿಪೇರಿ ಅಂಗಡಿಯ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ. ಪುರವರ ಊರಿನ ಗಿರಾಕಿಯೊಬ್ಬ, ಸಡಿಲವಾಗಿ ಕಾದು ಕಪ್ಪಾದ ಲಗ್ಗನ್ನು ಮೇಜಿನ ಮೇಲೆ ಎಸೆದ.

"ಹೆಂಗಸ್ರ ಕೈಲಿ ಒತ್ತಿಸಿದ್ರೆ ಇನ್ನೆಂಗಾದಾತು?"

ಅತ್ತೆಯ ಗಂಡ, ನನ್ನ ಮಾವ, ನಕ್ಕರು. "ಇನ್ನೊಂದು ಮುದ್ದೆ ಉಣ್ಣು ಅಂದ್ರೆ ಕೇಳಾಕಿಲ್ಲ ಕಣಪ್ಪ ಇವ್ಳು."

ಅತ್ತೆ ಸೀಮೆಎಣ್ಣೆಯ ಬಟ್ಟೆಯಿಂದ ಇಕ್ಕಳದ ಹಲ್ಲು ಒರೆಸುತ್ತಲೇ ಇದ್ದಳು.

ಮಾವ, ಹಿಂದಿನ ವಾರ ಅದೇ ಇಕ್ಕಳದಲ್ಲಿ ನೀವು ಪೆಟ್ಟಿಗೆಯ ಮೊಳೆ ಕೀಳುವಾಗ, "ಬ್ಯಾಡ ಬುಡಿ, ಹಲ್ಲು ಮುಕ್ಕಾಯ್ತವೆ" ಎಂದು ಅವಳು ಹೇಳಿದ್ದು ನಿಮಗೆ ಆಗ ನೆನಪಿರಲಿಲ್ಲವೇ?